ಕರಡಿಯ ಎಂಟು ಹೆಜ್ಜೆ: ಕಾಡುಪ್ರಾಣಿಗಳನ್ನು ಟಿಕೆಟ್ ಇಟ್ಟು ತೋರಿಸುವುದು ಸರಿಯೇ?

ಅರಳಿಕಟ್ಟೆ:
ಕಳೆದ ಭಾನುವಾರ ತಂಗಿಯ ಮಗನನ್ನು ಕರೆದುಕೊಂಡು ಒಂದು ಮೃಗಾಲಯಕ್ಕೆ ಹೋಗಿದ್ದೆ. ಯಾವುದೆಂದು ಹೇಳುವುದಿಲ್ಲ, ಹೇಳಿದರೆ ಮಾತು ಆ ಒಂದು ಊರಿನ ಮಾನಾಪಮಾನದಲ್ಲೇ ಮುಗಿದುಹೋಗುತ್ತದೆ. ಅಲ್ಲಿ ಕಂದಕದ ಆಚೆ ಒಂದು ಕರಡಿ ಇತ್ತು. ಗೋಡೆಯ ಗುಂಟ ಎಂಟು ಹೆಜ್ಜೆ ನಡೆಯುತ್ತಿತ್ತು, ಮೂಲೆಯಲ್ಲಿ ನಿಂತು ಮೂತಿಯನ್ನು ಎಡಕ್ಕೊಮ್ಮೆ ಎತ್ತಿ ತೂಗುತ್ತಿತ್ತು, ಮತ್ತೆ ಎಂಟು ಹೆಜ್ಜೆ ಹಿಂದಕ್ಕೆ ಬರುತ್ತಿತ್ತು. ನಾವು ನಿಂತಿದ್ದ ಇಪ್ಪತ್ತು ನಿಮಿಷವೂ ಆ ಲೆಕ್ಕ ತಪ್ಪಲಿಲ್ಲ. ಅದು ನಡೆದ ಪಟ್ಟಿಯಲ್ಲಿ ಹುಲ್ಲು ಸವೆದುಹೋಗಿ ನೆಲ ಸಾರಿಸಿದ ಅಂಗಳದಂತೆ ನುಣ್ಣಗಾಗಿತ್ತು. "ಮಾಮ, ಇದಕ್ಕೆ ಕೀಲಿ ಕೊಟ್ಟಿದ್ದಾರಾ?" ಎಂದು ಹುಡುಗ ಕೇಳಿದ. ನಾನು ಉತ್ತರ ಕೊಡಲಾರದೆ ಅವನನ್ನು ಐಸ್‌ಕ್ರೀಮ್ ಅಂಗಡಿಯ ಕಡೆಗೆ ನಡೆಸಿದೆ.

ನಮ್ಮ ಒಂದು ಮಧ್ಯಾಹ್ನ ಕಳೆಯಲಿ ಎಂದು ಒಂದು ಕಾಡುಪ್ರಾಣಿ ತನ್ನ ಆಯುಷ್ಯವನ್ನೇ ಕಳೆಯಬೇಕೆ ಎಂಬುದು ಅಂದಿನಿಂದ ನನ್ನನ್ನು ಕಾಡುತ್ತಿರುವ ಪ್ರಶ್ನೆ. 2008ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದು 4,500ಕ್ಕೂ ಹೆಚ್ಚು ಆನೆಗಳ ದಾಖಲೆಗಳನ್ನು ಪರಿಶೀಲಿಸಿ, ಮೃಗಾಲಯದಲ್ಲಿ ಹುಟ್ಟಿದ ಆಫ್ರಿಕಾದ ಆನೆಯ ಸರಾಸರಿ ಆಯುಷ್ಯ 16.9 ವರ್ಷ, ಕೀನ್ಯಾದ ಅಂಬೋಸೆಲಿಯ ಕಾಡಾನೆಯದು 56 ವರ್ಷ ಎಂದು ಹೇಳಿದೆ. ಕರಡಿ, ಕೋತಿ, ಹುಲಿ, ಚಿರತೆ, ಸಿಂಹಗಳನ್ನು ಆಡಿಸಿ ತೋರಿಸುವುದನ್ನು 1998ರ ಅಧಿಸೂಚನೆ ನಿಲ್ಲಿಸಿತು. ಸುಪ್ರೀಂ ಕೋರ್ಟ್ 2001ರಲ್ಲಿ ಅದನ್ನು ಎತ್ತಿಹಿಡಿಯಿತು. ಡಾಲ್ಫಿನ್ ಪ್ರದರ್ಶನಕ್ಕೆ ಅನುಮತಿ ನೀಡಬಾರದೆಂದು ಕೇಂದ್ರವು 2013ರಲ್ಲಿ ರಾಜ್ಯಗಳಿಗೆ ತಿಳಿಸಿತು. ಮೃಗಾಲಯ ಮಾತ್ರ ಈ ಸಾಲಿನಿಂದ ಹೊರಗೆ ಉಳಿದಿರುವುದೇಕೆ? ಟಿಕೆಟ್ ಕೊಂಡು ಸೆರೆಯಾಳನ್ನು ನೋಡುವ ಈ ಚಟವನ್ನು ನಾವು ಬಿಡಬೇಕು.

ಹಳೇ ಮೈಸೂರಿಗ:
'ಚಟ' ಎಂಬ ಮಾತನ್ನು ಹಿಂತೆಗೆದುಕೊಳ್ಳಿ. ನಮ್ಮ ಮೈಸೂರಿನಲ್ಲಿ ಹತ್ತನೆಯ ಚಾಮರಾಜೇಂದ್ರ ಒಡೆಯರು 1892ರಲ್ಲಿ ಆರಂಭಿಸಿದ ಮೃಗಾಲಯವನ್ನು ನೋಡಲು ನಮ್ಮ ಅಜ್ಜ ಹಳ್ಳಿಯಿಂದ ಎತ್ತಿನ ಗಾಡಿಯಲ್ಲಿ ಬಂದಿದ್ದರು, ನಮ್ಮಪ್ಪ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಜಿರಾಫೆ ತೋರಿಸಿದರು, ನಾನು ನನ್ನ ಮೊಮ್ಮಗಳಿಗೆ ತೋರಿಸಿದ್ದೇನೆ. ನಾಲ್ಕು ತಲೆಮಾರಿನ ಬೆರಗನ್ನು ಚಟವೆಂದು ಕರೆಯುವವರಿಗೆ ಮಕ್ಕಳ ಮುಖ ನೋಡಿ ಅಭ್ಯಾಸವಿಲ್ಲ ಎಂದೇ ನಾನು ತಿಳಿಯುತ್ತೇನೆ.

ಇನ್ನು ಟಿಕೆಟ್ ವಿಷಯ. ಆ ಪ್ರಾಣಿಗಳ ಮಾಂಸ, ಹುಲ್ಲು, ಹಣ್ಣು, ಔಷಧ, ಪಾಲಕರ ಸಂಬಳ ಎಲ್ಲವೂ ಮುಖ್ಯವಾಗಿ ಆ ಟಿಕೆಟ್ಟಿನ ದುಡ್ಡಿನಿಂದಲೇ ನಡೆಯುತ್ತವೆ. 2020 ಮತ್ತು 2021ರಲ್ಲಿ ಕೊರೋನಾದಿಂದ ಬಾಗಿಲು ಮುಚ್ಚಿದಾಗ ಮೇವಿನ ಖರ್ಚಿಗೂ ಜನರ ಮುಂದೆ ಕೈಚಾಚುವ ಪರಿಸ್ಥಿತಿ ಬಂದಿತ್ತು. ನೀವು ಟಿಕೆಟ್ ನಿಲ್ಲಿಸಿ ಎನ್ನುತ್ತೀರಿ. ಮರುದಿನ ಬೆಳಿಗ್ಗೆ ಆ ಕರಡಿಗೆ ಗಂಜಿ ಯಾರು ಕುದಿಸುತ್ತಾರೆ ಎಂಬುದನ್ನು ಹೇಳುವುದಿಲ್ಲ.

ಅಂಕಿಪಂಚಾಂಗ:
ಮೊದಲನೆಯದಾಗಿ, ಆ 16.9, 56 ಎಂಬುವು ಸರಾಸರಿಯಲ್ಲ, ಮಧ್ಯಾಂಕ, ಅಂದರೆ ಸಾಲಾಗಿ ಜೋಡಿಸಿದಾಗ ನಡುವೆ ಬರುವ ಅಂಕಿ. ಎರಡನೆಯದಾಗಿ, ಅರಳಿಕಟ್ಟೆಯವರು ಹೇಳಿದ 56 ವರ್ಷವು ಅಂಬೋಸೆಲಿಯಲ್ಲಿ ಸಹಜವಾಗಿ ಸತ್ತ ಆನೆಗಳ ಲೆಕ್ಕ. ಮನುಷ್ಯರ ಕೈಯಲ್ಲಿ ಸತ್ತ ಆನೆಗಳನ್ನೂ ಸೇರಿಸಿದರೆ ಅದೇ ಲೇಖನದಲ್ಲಿ ಆ ಅಂಕಿ 35.9ಕ್ಕೆ ಇಳಿಯುತ್ತದೆ. ಕಾಡಿನ ಲೆಕ್ಕದಿಂದ ಭರ್ಜಿ, ಗುಂಡುಗಳನ್ನು ತೆಗೆದುಹಾಕಿ, ಮೃಗಾಲಯದ ಲೆಕ್ಕದಲ್ಲಿ ಎಲ್ಲ ಸಾವನ್ನೂ ಇಟ್ಟರೆ ಹೋಲಿಕೆ ಯಾರ ಕಡೆಗೆ ವಾಲುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಮೂರನೆಯದಾಗಿ, ಅವು ಯೂರೋಪಿನ ಮೃಗಾಲಯಗಳ ದಾಖಲೆಗಳು, ಅದೂ 1960ರಿಂದ 2005ರವರೆಗಿನವು. ಅದರಲ್ಲಿ ಮೈಸೂರೂ ಇಲ್ಲ, ಬನ್ನೇರುಘಟ್ಟವೂ ಇಲ್ಲ.

ಎಲ್ಲಕ್ಕಿಂತ ಮುಖ್ಯವಾದದ್ದನ್ನು ಅವರು ಮುಟ್ಟಲೇ ಇಲ್ಲ. ನಮಗೆ ಸಂಬಂಧಪಟ್ಟದ್ದು ಏಷ್ಯಾದ ಆನೆ. ಅಲ್ಲಿ ಮೃಗಾಲಯದ 18.9 ವರ್ಷವನ್ನು ಮ್ಯಾನ್ಮಾರಿನ ಸರ್ಕಾರಿ ಮರಸಾಗಣೆಯ ಆನೆಗಳ 41.7 ವರ್ಷದೊಂದಿಗೆ ಹೋಲಿಸಲಾಗಿದೆ. ಆ ಆನೆಗಳು ಕಾಡಾನೆಗಳಲ್ಲ. ಸರಪಳಿ ಹಾಕಿಸಿಕೊಂಡು ದಿಮ್ಮಿ ಎಳೆಯುವ ಆನೆಗಳು. ಸೆರೆಯಲ್ಲಿದ್ದೂ ನಲವತ್ತು ದಾಟುತ್ತವೆ ಎಂದಾದರೆ ಸೆರೆಯೇ ಕೆಟ್ಟದ್ದು ಎಂಬ ನಿಮ್ಮ ವಾದ ನಿಮ್ಮದೇ ಸಾಕ್ಷಿಯಿಂದ ಬಿದ್ದುಹೋಯಿತು.

ಮಲೆನಾಡ ಹುಡುಗಿ:
"ಸೆರೆಯಲ್ಲಿದ್ದೂ" ಎಂದು ಇಷ್ಟು ಸಲೀಸಾಗಿ ಬರೆದವರು ಆ ಆನೆಗಳ ದಿನಚರಿಯನ್ನು ಓದಿಲ್ಲ. ಮ್ಯಾನ್ಮಾರಿನ ಆ ಆನೆಗಳು ಹಗಲು ದುಡಿಯುತ್ತವೆ, ರಾತ್ರಿ ಕಾಡಿನಲ್ಲಿ ಮೇಯುತ್ತವೆ, ತಮ್ಮ ಬಳಗದೊಂದಿಗೆ ಇರುತ್ತವೆ, ಕಾಡಿನ ಗಂಡಾನೆಗಳೊಂದಿಗೆ ಕೂಡಿ ಮರಿ ಹಾಕುತ್ತವೆ. ಅದನ್ನೂ ಸೆರೆ ಎನ್ನುವುದಾದರೆ ಕಾಂಕ್ರೀಟು ನೆಲದ ಮೇಲೆ ನಿಂತು ಜೀವನ ಸವೆಸುವ ಆನೆಯ ಸ್ಥಿತಿಗೆ ಬೇರೆ ಪದ ಹುಡುಕಬೇಕಾಗುತ್ತದೆ. ಅಧ್ಯಯನ ತೋರಿಸುತ್ತಿರುವುದು ಇದನ್ನೇ: ಕಾಡು ಸಿಕ್ಕ ಆನೆ ದುಡಿದರೂ ಬದುಕುತ್ತದೆ, ಕಾಡು ಸಿಗದ ಆನೆ ಕೂತು ತಿಂದರೂ ಸಾಯುತ್ತದೆ. ಅರಳಿಕಟ್ಟೆಯವರ ವಾದ ಬಿದ್ದಿಲ್ಲ, ಇನ್ನಷ್ಟು ಗಟ್ಟಿಯಾಗಿದೆ.

ಅಂಕಿಪಂಚಾಂಗ:
"ಬೇರೆ ಪದ ಹುಡುಕಬೇಕಾಗುತ್ತದೆ" ಎಂದರೆ ನಿಮಗೆ ಬೇಕಾದಂತೆ ಪದದ ಅರ್ಥವನ್ನು ಹಿಗ್ಗಿಸಿ ಕುಗ್ಗಿಸುತ್ತೀರಿ ಎಂದಾಯಿತು. ಮ್ಯಾನ್ಮಾರಿನ ಆನೆಗೆ ನಾಳೆ ಬೆಳಿಗ್ಗೆ ಕೆಲಸಕ್ಕೆ ಬರುವುದಿಲ್ಲ ಎಂದು ಹೇಳುವ ಸ್ವಾತಂತ್ರ್ಯ ಇದೆಯೇ? ಇಲ್ಲ. ಹಾಗಾದರೆ ಅದು ಸೆರೆ. ವ್ಯಾಕರಣ ಇಷ್ಟೇ.

ಮಲೆನಾಡ ಹುಡುಗಿ:
ಆ ವ್ಯಾಕರಣದ ಪ್ರಕಾರ ನಾನೂ ಸೆರೆಯಲ್ಲಿದ್ದೇನೆ, ನಾಳೆ ಬೆಳಿಗ್ಗೆ ಒಂಬತ್ತಕ್ಕೆ ನನ್ನನ್ನೂ ಆಫೀಸಿನಲ್ಲಿ ನೋಡಬಹುದು, ಟಿಕೆಟ್ ಬೇಡ. ಮೊಸರಿನಲ್ಲಿ ಕಲ್ಲು ಹುಡುಕುವುದನ್ನು ಬಿಟ್ಟು, ಆನೆಗೆ ನಡೆಯಲು ಎಷ್ಟು ನೆಲ ಸಿಗುತ್ತದೆ, ಯಾರ ಜೊತೆ ಸಿಗುತ್ತದೆ ಎಂಬುದಕ್ಕೆ ಉತ್ತರ ಕೊಡಿ. ನಮ್ಮ ಸಕ್ರೆಬೈಲಿನಲ್ಲೂ ದುಬಾರೆಯಲ್ಲೂ ಆನೆಗಳನ್ನು ರಾತ್ರಿ ಕಾಡಿಗೆ ಬಿಡುತ್ತಾರೆ. ಮೃಗಾಲಯಕ್ಕೂ ಬಿಡಾರಕ್ಕೂ ಇರುವ ಆ ವ್ಯತ್ಯಾಸ ನಿಮಗೆ ಕಾಣದಿದ್ದರೆ ಅಂಕಿಗಳು ಏನು ಮಾಡಬಲ್ಲವು?

ಕಾವೇರಿ ದಡ:
"ರಾತ್ರಿ ಕಾಡಿಗೆ ಬಿಡುತ್ತಾರೆ" ಎಂಬ ಮಾತನ್ನು ಪ್ರವಾಸಿಗರು ಹೇಳಿದರೆ ನಾನು ಸುಮ್ಮನಿರುತ್ತಿದ್ದೆ, ಮಲೆನಾಡಿನವರು ಹೇಳಿದ್ದರಿಂದ ಬರೆಯುತ್ತಿದ್ದೇನೆ. ಬಿಡುವಾಗ ಕಾಲಿಗೆ ಉದ್ದನೆಯ ಸರಪಳಿ ಕಟ್ಟಿ ಬಿಡುತ್ತಾರೆ. ಅದು ನೆಲದ ಮೇಲೆ ಎಳೆದುಕೊಂಡು ಹೋದ ಗುರುತನ್ನೇ ಹಿಡಿದು ಬೆಳಗಿನ ಮಂಜಿನಲ್ಲಿ ಮಾವುತನೋ ಅವನ ಸಹಾಯಕ ಕಾವಾಡಿಯೋ ಹುಡುಕುತ್ತಾ ಹೋಗುತ್ತಾನೆ. ಒದ್ದೆ ಮಣ್ಣಿನಲ್ಲಿ ಅದು ಹಾವು ಹರಿದ ಜಾಡಿನಂತೆ ಕಾಣುತ್ತದೆ. ಒಣಗಿದ ಎಲೆಯ ಮೇಲೆ ಏನೂ ಕಾಣುವುದಿಲ್ಲ, ಆಗ ಸರಪಳಿಯ ಸದ್ದಿಗೆ ಕಿವಿಗೊಟ್ಟು ನಿಲ್ಲಬೇಕು. ಅದು ಸ್ವಾತಂತ್ರ್ಯವೆಂದು ಬರೆಯಬೇಡಿ. ಪೆರೋಲ್ ಎಂದು ಬೇಕಾದರೆ ಬರೆಯಿರಿ.

ಆ ಆನೆ ಬಿಡಾರಕ್ಕೆ ಬಂದ ಬಗೆಯನ್ನೂ ಹೇಳಿ. ದಪ್ಪ ದಿಮ್ಮಿಗಳ ಕ್ರಾಲ್‌ನೊಳಗೆ ನೂಕಿ, ಅದು ತಿರುಗಲೂ ಜಾಗವಿಲ್ಲದಂತೆ ನಿಲ್ಲಿಸಿ, ಕಬ್ಬು ಬೆಲ್ಲ ಕೊಡುತ್ತಾ ವಾರಗಟ್ಟಲೆ ಪಳಗಿಸುತ್ತಾರೆ. ಮೊದಮೊದಲು ಅದು ದಿಮ್ಮಿಗೆ ಹಣೆ ಗುದ್ದುವ ಸದ್ದು ರಾತ್ರಿ ದೂರದವರೆಗೆ ಕೇಳುತ್ತದೆ. ಆಮೇಲೆ ಒಂದು ದಿನ ಸದ್ದು ನಿಲ್ಲುತ್ತದೆ. ಕಾಫಿ ತೋಟದಲ್ಲಿ ಆನೆ ತುಳಿದು ಸತ್ತವರ ಮನೆಯವರು ನನ್ನ ನೆರೆಯವರೇ ಆಗಿರುವುದರಿಂದ ಹಿಡಿಯುವುದೇ ತಪ್ಪು ಎಂದು ನಾನು ಹೇಳುತ್ತಿಲ್ಲ. ಹಿಡಿದ ಮೇಲೆ ಅದಕ್ಕೆ ಸ್ನಾನ ಮಾಡಿಸಲು ಪ್ರವಾಸಿಗರಿಂದ ದುಡ್ಡು ಪಡೆಯುವುದು ಬೇರೆ ಮಾತು.

ಹಳೇ ಮೈಸೂರಿಗ:
'ಪೆರೋಲ್' ಎಂಬ ಕುಹಕ ಬೇಡ. ಅಂಥ ಬಿಡಾರದ ಆನೆಗಳೇ ನಮ್ಮ ದಸರೆಯಲ್ಲಿ ತಾಯಿ ಚಾಮುಂಡೇಶ್ವರಿಯನ್ನು ಹೊತ್ತು ನಡೆಯುವುದು. ಅರ್ಜುನ 2012ರಿಂದ 2019ರವರೆಗೆ ಎಂಟು ಬಾರಿ 750 ಕಿಲೋ ತೂಕದ ಚಿನ್ನದ ಅಂಬಾರಿ ಹೊತ್ತ. ಅವನು ಸತ್ತಾಗ ಇಡೀ ಕರ್ನಾಟಕ ಅತ್ತಿತು. ಕಾಡಿನಲ್ಲಿ ಸತ್ತ ಯಾವ ಆನೆಗೆ ನೀವು ಕಣ್ಣೀರು ಹಾಕಿದ್ದೀರಿ? ಜನ ನೋಡಿದ್ದಕ್ಕೇ ಅವನ ಹೆಸರು ಜನರಿಗೆ ಗೊತ್ತಾಯಿತು. ಹೆಸರು ಗೊತ್ತಿದ್ದುದಕ್ಕೇ ಅತ್ತರು. ನೋಡದೆ ಪ್ರೀತಿ ಹುಟ್ಟುವುದಿಲ್ಲ.

ಕಾವೇರಿ ದಡ:
ಅರ್ಜುನ ಎಲ್ಲಿ ಸತ್ತ ಎಂಬುದನ್ನೂ ಸೇರಿಸಿ ಬರೆಯಬೇಕಿತ್ತು. 2023ರ ಡಿಸೆಂಬರ್ 4ರಂದು, ಸಕಲೇಶಪುರದ ಯಸಳೂರು ಕಡೆಯ ಕಾಡಿನಲ್ಲಿ, ಇನ್ನೊಂದು ಕಾಡಾನೆಯನ್ನು ಹಿಡಿಯುವ ಕಾರ್ಯಾಚರಣೆಯಲ್ಲಿ, ಕಾಡಿನ ಸಲಗದೊಂದಿಗೆ ಕಾದಾಡಿ ಸತ್ತ. ಆಗ ಅವನಿಗೆ ಅರವತ್ತು ದಾಟಿತ್ತು. ಅತ್ತವರಲ್ಲಿ ನಾನೂ ಒಬ್ಬ. ಆದರೆ ಅಷ್ಟು ಪ್ರೀತಿಯಿದ್ದ ನಾಡು ಅರವತ್ತು ದಾಟಿದ ಅವನನ್ನು ಆ ಕೆಲಸಕ್ಕೆ ಏಕೆ ಕಳಿಸಿತು ಎಂಬ ಪ್ರಶ್ನೆಯನ್ನು ಅಳು ಮುಚ್ಚಿಹಾಕಿತು.

ಅಂಕಿಪಂಚಾಂಗ:
ಅರವತ್ತು ದಾಟಿತ್ತು ಎಂದು ನೀವೇ ಹೇಳಿದಿರಿ. ಅಂಬೋಸೆಲಿಯ ನಿಮ್ಮ 56ಕ್ಕಿಂತ ಹೆಚ್ಚು. ಸೆರೆಯಲ್ಲಿ. ಇದನ್ನು ದಾಖಲಿಸಿಕೊಳ್ಳಬೇಕೆಂದು ವಿನಂತಿ.

ಮಲೆನಾಡ ಹುಡುಗಿ:
ಒಂದು ಆನೆಯ ವಯಸ್ಸನ್ನು ಮಧ್ಯಾಂಕದೊಂದಿಗೆ ಹೋಲಿಸುವವರು ತಮ್ಮ ಹೆಸರನ್ನು ಬದಲಿಸಿಕೊಳ್ಳುವುದು ಒಳ್ಳೆಯದು. ಮಧ್ಯಾಂಕ ಎಂದರೆ ಅರ್ಧದಷ್ಟು ಆನೆಗಳು ಅದಕ್ಕಿಂತ ಹೆಚ್ಚು ಬದುಕಿದವು ಎಂದೇ ಅರ್ಥ. ಮೊದಲ ಉತ್ತರದಲ್ಲಿ ಸರಾಸರಿಗೂ ಮಧ್ಯಾಂಕಕ್ಕೂ ವ್ಯತ್ಯಾಸ ಹೇಳಿ ಪಾಠ ಮಾಡಿದವರು ನೀವೇ. ಮೇಲಾಗಿ ಅರ್ಜುನ ಕಾಡಿನಲ್ಲಿ ಹುಟ್ಟಿದವನು. ಏಷ್ಯಾದ ಆನೆಗಳಲ್ಲಿ ಕಾಡಿನಲ್ಲಿ ಹುಟ್ಟಿ ಮೃಗಾಲಯಕ್ಕೆ ಬಂದವುಗಳಿಗಿಂತ ಮೃಗಾಲಯದಲ್ಲೇ ಹುಟ್ಟಿದವು ಬೇಗ ಸಾಯುತ್ತವೆ ಎಂದು ಅದೇ ಲೇಖನ ಹೇಳುತ್ತದೆ. ಅದನ್ನು ನೀವು ಓದದೆ ಬಿಟ್ಟಿರೋ, ಓದಿ ಬಿಟ್ಟಿರೋ?

ಅಂಕಿಪಂಚಾಂಗ:
ಓದಿದ್ದೇನೆ. ಆಫ್ರಿಕಾದ ಆನೆಗಳ ಬದುಕುಳಿಯುವಿಕೆ ಮೃಗಾಲಯಗಳಲ್ಲಿ ಇತ್ತೀಚೆಗೆ ಸುಧಾರಿಸಿದೆ ಎಂಬ ಸಾಲನ್ನೂ ಓದಿದ್ದೇನೆ. ಅದನ್ನು ನೀವು ಬಿಟ್ಟಿದ್ದೀರಿ.

ಮಲೆನಾಡ ಹುಡುಗಿ:
ಆ ಸಾಲಿನ ನಂತರ, ಸುಧಾರಿಸಿದರೂ ಕಾಡಿಗಿಂತ ಸಾವು ಹೆಚ್ಚೇ ಇದೆ ಎಂಬ ಸಾಲಿದೆ. ನಿಮ್ಮ ಓದು ಅಲ್ಪವಿರಾಮಕ್ಕೆ ನಿಂತುಬಿಡುತ್ತದೆ ಎಂದು ಕಾಣುತ್ತದೆ.

ನಿವೃತ್ತ ಪಶುವೈದ್ಯ:
ಮೂವತ್ತು ವರ್ಷ ಪ್ರಾಣಿಗಳ ನಡುವೆ ಕೆಲಸ ಮಾಡಿದವನಾಗಿ, ಅದರಲ್ಲಿ ಕೆಲವು ವರ್ಷ ಒಂದು ಮೃಗಾಲಯದಲ್ಲಿ ಕಳೆದವನಾಗಿ, ಆನೆಯ ಆಯುಷ್ಯದಿಂದ ಈ ಮಾತನ್ನು ಸ್ವಲ್ಪ ಬಿಡಿಸಲು ಪ್ರಯತ್ನಿಸುತ್ತೇನೆ. ಅರಳಿಕಟ್ಟೆಯವರು ನೋಡಿದ ಕರಡಿಯಿಂದಲೇ ಆರಂಭಿಸೋಣ. ಕರಡಿ ಆಡಿಸುವವರಿಂದ ಬಿಡಿಸಿಕೊಂಡು ಬಂದ ಕರಡಿಗಳನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ಮರಿಯಿರುವಾಗಲೇ ಕಾದ ಕಬ್ಬಿಣದಿಂದ ಮೂತಿಗೆ ತೂತು ಕೊರೆದು ಹಗ್ಗ ಪೋಣಿಸಿರುತ್ತಾರೆ, ಹಲ್ಲು ಮುರಿದಿರುತ್ತಾರೆ. ಹಗ್ಗ ತೆಗೆದು ಹತ್ತು ವರ್ಷವಾದರೂ, ಕೇಳದ ಡಮರುಗಕ್ಕೆ ಅವು ತಲೆ ತೂಗುತ್ತಲೇ ಇರುತ್ತವೆ. ಅರಳಿಕಟ್ಟೆಯವರ ಕರಡಿ ಅಂಥದ್ದಾಗಿದ್ದರೆ ಆ ಎಂಟು ಹೆಜ್ಜೆಯನ್ನು ಕಲಿಸಿದ್ದು ಮೃಗಾಲಯವಲ್ಲ, ಬೀದಿ. ಅಂಥ ಪ್ರಾಣಿಯನ್ನು ಕಾಡಿಗೆ ಬಿಡಲಾಗದು. 1998ರ ನಂತರ ಸರ್ಕಸ್ಸಿನಿಂದ ಬನ್ನೇರುಘಟ್ಟಕ್ಕೂ ಇತರ ಪುನರ್ವಸತಿ ಕೇಂದ್ರಗಳಿಗೂ ಬಂದ ಸಿಂಹಗಳದ್ದೂ ಅದೇ ಕಥೆ.

ಆದರೆ ಸಾಕುವುದು ಬೇರೆ, ತೋರಿಸುವುದು ಬೇರೆ. ಇಲ್ಲಿ ಎಲ್ಲರೂ ಎರಡನ್ನೂ ಒಂದೇ ಹಗ್ಗದಲ್ಲಿ ಕಟ್ಟುತ್ತಿದ್ದಾರೆ. ನಾನಿದ್ದ ಕಡೆ ಒಂದು ಚಿರತೆ ಇತ್ತು. ವಾರದ ರಜೆಯ ದಿನ ಅದು ಆವರಣದ ಮುಂಭಾಗದ ಬಂಡೆಯ ಮೇಲೆ ಹೊಟ್ಟೆ ಮೇಲಾಗಿ ಮಲಗುತ್ತಿತ್ತು. ಮರುದಿನ ಬೆಳಿಗ್ಗೆ ದೊಡ್ಡ ಗೇಟಿನ ಬೀಗ ತೆಗೆಯುವ ಸದ್ದು ಕೇಳುತ್ತಲೇ ಎದ್ದು ಹಿಂದಿನ ಪೊದೆಗೆ ಹೋಗುತ್ತಿತ್ತು, ಸಂಜೆ ಗೇಟು ಮುಚ್ಚುವವರೆಗೆ ಬಾಲದ ತುದಿಯೂ ಕಾಣುತ್ತಿರಲಿಲ್ಲ. ಜನರು ಹಣ ಕೊಟ್ಟು ಪೊದೆ ನೋಡಿ ಹೋಗುತ್ತಿದ್ದರು, ಕೆಲವರು ಕಲ್ಲು ಎಸೆಯುತ್ತಿದ್ದರು. ಇನ್ನೊಂದು ಕಡೆ, ಹರಿಯಾಣದ ಪಿಂಜೋರಿನಲ್ಲಿ 2001ರಲ್ಲಿ ಆರಂಭವಾದ ಕೇಂದ್ರದಲ್ಲಿ ರಣಹದ್ದುಗಳನ್ನು ಸಾಕಿ ಮರಿ ಮಾಡಿಸುತ್ತಿದ್ದಾರೆ. ಅಸ್ಸಾಮಿನಲ್ಲಿ ಮಾನಸ್ ಕಾಡಿನಿಂದ ತಂದ ಆರು ಕಿರುಹಂದಿಗಳಿಂದ 1996ರಲ್ಲಿ ತಳಿ ಬೆಳೆಸಲು ತೊಡಗಿ 2008ರಿಂದ ಕಾಡಿಗೆ ಬಿಡುತ್ತಾ ಬಂದಿದ್ದಾರೆ. ಅಲ್ಲಿ ಭಾನುವಾರದ ಜಂಗುಳಿ ಇಲ್ಲ. ಆದ್ದರಿಂದ ನನ್ನ ಪ್ರಶ್ನೆ ಇದು: ಸಾಕಲೇಬೇಕಾದ ಪ್ರಾಣಿಯನ್ನು ಸಾಕೋಣ, ಆದರೆ ಅದನ್ನು ತೋರಿಸಲೇಬೇಕೆಂಬ ಕರಾರು ಎಲ್ಲಿಂದ ಬಂತು?

ಹಳೇ ಮೈಸೂರಿಗ:
"ಕಾಡಿಗೆ ಬಿಡಲಾಗದು." ಡಾಕ್ಟರರೇ ಹೇಳಿದ್ದಾರೆ, ಎಲ್ಲರೂ ಓದಿಕೊಳ್ಳಬೇಕು. ಮೃಗಾಲಯ ಬೇಡ ಎನ್ನುವವರ ಬಾಯಿ ಇಲ್ಲಿಗೆ ಮುಚ್ಚಿತು. ಅರಳಿಕಟ್ಟೆಯವರು ಆ ಕರಡಿಯನ್ನು ಬೀದಿಯ ಹಗ್ಗದಿಂದ ಬಿಡಿಸಿ ಅನ್ನ ಹಾಕಿದವರ ಕೈಯನ್ನೇ ದೂರಿದ್ದಾರೆ.

ಅರಳಿಕಟ್ಟೆ:
ಅದು ಬೀದಿಯಿಂದ ಬಂದ ಕರಡಿ ಎಂದಿಟ್ಟುಕೊಳ್ಳೋಣ. ಹಾಗಿದ್ದರೆ ಆ ಆವರಣದ ಮುಂದಿನ ಫಲಕದಲ್ಲಿ ಅದನ್ನು ಬರೆಯಬೇಕಿತ್ತಲ್ಲವೇ? ಫಲಕವನ್ನು ನಾನು ಪೂರ್ತಿ ಓದಿದೆ. ವೈಜ್ಞಾನಿಕ ಹೆಸರು, ತೂಕ, ಆಹಾರದಲ್ಲಿ ಗೆದ್ದಲು ಮತ್ತು ಜೇನು, ಗರ್ಭಾವಧಿ ಇಷ್ಟೇ ಇತ್ತು. ಮೂತಿಯ ತೂತಿನ ಸುದ್ದಿ ಇರಲಿಲ್ಲ. ನನ್ನ ಪಕ್ಕದಲ್ಲಿ ನಿಂತಿದ್ದವರೊಬ್ಬರು "ನೋಡು, ಡ್ಯಾನ್ಸ್ ಮಾಡ್ತಿದೆ" ಎಂದು ಮಗಳಿಗೆ ಹೇಳಿ ವಿಡಿಯೊ ತೆಗೆದುಕೊಂಡರು. ಕರಡಿಯ ಕುಣಿತವನ್ನು ನಿಷೇಧಿಸಿದ ದೇಶದಲ್ಲಿ ಅದೇ ಕುಣಿತಕ್ಕೆ ಟಿಕೆಟ್ ಹರಿಯಲಾಯಿತು. ಮೃಗಾಲಯ ನೀಡುವ ಶಿಕ್ಷಣ ಎಂದು ಹೇಳಿಕೊಳ್ಳುವುದು ಇದನ್ನೇ ಏನು?

ಮತ್ತೆ, ಅಂಕಿಪಂಚಾಂಗದವರು ಹೇಳಿದ 35.9 ಕೂಡ 16.9ರ ಎರಡರಷ್ಟಕ್ಕಿಂತ ಹೆಚ್ಚು. ಕಾಡಿನ ಆನೆಗೆ ಭರ್ಜಿ, ಗುಂಡು ಎಲ್ಲವನ್ನೂ ಸೇರಿಸಿದ ಮೇಲೂ ಮೃಗಾಲಯ ಸೋತಿದೆ. ಅವರು ಕೊಟ್ಟ ತಿದ್ದುಪಡಿಗೆ ಧನ್ಯವಾದ.

ಅಂಕಿಪಂಚಾಂಗ:
ಧನ್ಯವಾದವನ್ನು ಸ್ವೀಕರಿಸಿದ್ದೇನೆ. ಆದರೆ ಮೊದಲ ಬರಹದಲ್ಲಿ 56 ಎಂದು ಬರೆದಿದ್ದನ್ನು ಇನ್ನೂ ತಿದ್ದಿಲ್ಲ. ತಪ್ಪು ಅಂಕಿಯನ್ನು ಮೇಲೆ ತೂಗುಹಾಕಿ ಕೆಳಗೆ ಮೂಲೆಯಲ್ಲಿ ಒಪ್ಪಿಕೊಳ್ಳುವುದು ಪ್ರಾಮಾಣಿಕತೆಯಲ್ಲ.

ಮಲೆನಾಡ ಹುಡುಗಿ:
ಶಿಕ್ಷಣದ ಮಾತು ಬಂದಿದ್ದಕ್ಕೆ ಪೋಲೋನನ್ನು ನೆನಪಿಸುತ್ತೇನೆ. 1995ರಲ್ಲಿ ಡಬ್ಲಿನ್ನಿನಿಂದ ಮೈಸೂರಿಗೆ ಬಂದ ಗಂಡು ಗೊರಿಲ್ಲಾ ಅದು. ಗೊರಿಲ್ಲಾ ಗುಂಪಿನಲ್ಲಿ ಬದುಕುವ ಪ್ರಾಣಿ. ಪೋಲೋ ವರ್ಷಗಟ್ಟಲೆ ಒಂಟಿಯಾಗಿದ್ದು, ದೇಶದ ಏಕೈಕ ಗೊರಿಲ್ಲಾ ಎಂಬ ಬಿರುದು ಹೊತ್ತು, 2014ರಲ್ಲಿ ಸತ್ತುಹೋಯಿತು. 'ದೇಶದ ಏಕೈಕ' ಎಂಬುದು ನಮಗೆ ಜಾಹೀರಾತಿನ ಸಾಲು, ಅದಕ್ಕೆ ಶಿಕ್ಷೆಯ ಸಾಲು. ಅದನ್ನು ನೋಡಿದ ಲಕ್ಷಾಂತರ ಮಕ್ಕಳು ಗೊರಿಲ್ಲಾ ಎಂದರೆ ಗೋಡೆಗೆ ಬೆನ್ನು ಕೊಟ್ಟು ಕೂತ ಒಬ್ಬ ಮುದುಕ ಎಂದು ಕಲಿತರು.

ಹಳೇ ಮೈಸೂರಿಗ:
ಮುದುಕ ಎಂದಿರಲ್ಲ, ಅಷ್ಟು ವಯಸ್ಸಿನವರೆಗೆ ಸಾಕಿದವರು ಯಾರು? ಪೋಲೋ ಸತ್ತ ದಿನ ಪಾಲಕರು ಊಟ ಬಿಟ್ಟಿದ್ದರು ಎಂದು ನಾನು ಕೇಳಿದ್ದೇನೆ. 2021ರಲ್ಲಿ ಜರ್ಮನಿಯಿಂದ ಒಂದಲ್ಲ, ಎರಡು ಗೊರಿಲ್ಲಾಗಳು ಬಂದಿವೆ, ಹೊಸ ಆವರಣವೂ ಆಗಿದೆ. ಸಂಸ್ಥೆ ಪಾಠ ಕಲಿತಿದೆ. ಕಲಿಯದವರು ಬೇರೆ ಇದ್ದಾರೆ.

ಮಲೆನಾಡ ಹುಡುಗಿ:
ಎರಡೂ ಗಂಡು. ಅಲ್ಲಿ ಮರಿ ಹುಟ್ಟುವುದಿಲ್ಲ, ಕಾಂಗೋ ಕಾಡಿಗೆ ಏನೂ ಮರಳುವುದಿಲ್ಲ. ತಳಿ ಉಳಿಸಲು ಎಂಬ ನೆಪವೂ ಇಲ್ಲದ ಶುದ್ಧ ಪ್ರದರ್ಶನ ಅದು.

ಕಾವೇರಿ ದಡ:
ಇಲ್ಲಿ ಒಂದು ಮಾತು ಒಪ್ಪಲಾಗುವುದಿಲ್ಲ. ಬೆಳೆದ ಗಂಡು ಗೊರಿಲ್ಲಾಗಳು ಗಂಡುಗಳ ಗುಂಪು ಮಾಡಿಕೊಂಡು ಇರುವುದು ಕಾಡಿನಲ್ಲೂ ಉಂಟು, ಮೃಗಾಲಯಗಳಲ್ಲೂ ಉಂಟು. ಹೆಣ್ಣಿಗಿಂತ ಗಂಡು ಹೆಚ್ಚಾಗಿ ಬೇರೆಡೆ ಜಾಗವಿಲ್ಲದ ಗಂಡುಗಳಿಗೆ ಆಸರೆ ಕೊಡುವುದೂ ಒಂದು ಕೆಲಸವೇ. ಬೇಕಿದ್ದರೆ ಬಿಳಿ ಹುಲಿಯ ಬಗ್ಗೆ ಕೇಳಿ. ಅದಕ್ಕೆ ಉತ್ತರ ಯಾರ ಬಳಿಯೂ ಇಲ್ಲ. 1951ರಲ್ಲಿ ರೀವಾ ಕಾಡಿನಲ್ಲಿ ಹಿಡಿದ ಮೋಹನ ಎಂಬ ಒಂದು ಮರಿಯಿಂದ, ಅಪ್ಪ ಮಗಳನ್ನೂ ಕೂಡಿಸಿ ಬೆಳೆಸಿದ ಬಣ್ಣ ಅದು. ಮೆಳ್ಳೆಗಣ್ಣು, ವಕ್ರ ಬೆನ್ನುಮೂಳೆ ಅದರ ಜೊತೆಗೇ ಬಂದವು. ಕಾಡಿಗೆ ಅದರ ಅಗತ್ಯವಿಲ್ಲ, ಟಿಕೆಟ್ ಕೌಂಟರಿಗೆ ಮಾತ್ರ ಇದೆ.

ಹಳೇ ಮೈಸೂರಿಗ:
ಮಕ್ಕಳಿಗೆ ಬಿಳಿ ಹುಲಿ ಎಂದರೆ ಪ್ರಾಣ. ಮಕ್ಕಳ ಮೇಲೇಕೆ ಕೋಪ?

ನಿವೃತ್ತ ಪಶುವೈದ್ಯ:
ನನ್ನ ಪ್ರಶ್ನೆಯನ್ನು ಯಾರೂ ಮುಟ್ಟಲಿಲ್ಲ. "ಬಿಡಲಾಗದು" ಎಂಬ ಒಂದು ಪದವನ್ನು ಕಿತ್ತುಕೊಂಡು ಮೈಸೂರಿಗರು ಹೋದರು, ಫಲಕದ ವಿಷಯವನ್ನು ಎತ್ತಿಕೊಂಡು ಅರಳಿಕಟ್ಟೆಯವರು ಹೋದರು. ಫಲಕದ ಮಾತು ಸರಿಯೇ, ಅದನ್ನು ನಾನೂ ಸೇವೆಯಲ್ಲಿದ್ದಾಗ ಬರೆಸಬಹುದಿತ್ತು, ಬರೆಸಲಿಲ್ಲ. ಬರೆದರೆ ಬಂದವರಿಗೆ ಬೇಸರವಾಗುತ್ತದೆ ಎಂಬ ಭಾವನೆ ಆಗ ನಮ್ಮಲ್ಲಿತ್ತು.

ಇನ್ನೊಮ್ಮೆ ಕೇಳುತ್ತೇನೆ. 2003ರಲ್ಲಿ 'ನೇಚರ್' ಪತ್ರಿಕೆಯ ಲೇಖನವೊಂದು, ಕಾಡಿನಲ್ಲಿ ಬಹುದೂರ ಅಲೆಯುವ ಮಾಂಸಾಹಾರಿಗಳಲ್ಲೇ ಸೆರೆಯಲ್ಲಿ ಅತ್ತಿಂದಿತ್ತ ನಡೆಯುವ ಚಟವೂ ಮರಿಗಳ ಸಾವೂ ಹೆಚ್ಚು ಎಂದು ತೋರಿಸಿತು. ಹಿಮಕರಡಿಗೆ ಮೃಗಾಲಯದಲ್ಲಿ ಸಿಗುವ ಜಾಗ ಅದರ ಸಹಜ ನೆಲೆಯ ಹತ್ತು ಲಕ್ಷದಲ್ಲೊಂದು ಭಾಗ. ಅಂದರೆ ಎಲ್ಲ ಪ್ರಾಣಿಗಳಿಗೂ ಒಂದೇ ತೀರ್ಪು ಬೇಡ. ನಕ್ಷತ್ರ ಆಮೆಯೊಂದು ಆವರಣದಲ್ಲಿ ನೆಮ್ಮದಿಯಿಂದ ಇರಬಹುದು, ತೋಳ ಇರಲಾರದು. ಕೇಂದ್ರೀಯ ಮೃಗಾಲಯ ಪ್ರಾಧಿಕಾರವೇ 2009ರಲ್ಲಿ ಆನೆಗಳನ್ನು ಮೃಗಾಲಯಗಳಿಂದ ಬಿಡಾರಗಳಿಗೆ ಕಳಿಸಬೇಕೆಂದು ತೀರ್ಮಾನಿಸಿತು. ಅದು ಪೂರ್ತಿ ಜಾರಿಯಾಗಲಿಲ್ಲ. ಹಾಗೆ ಪ್ರಾಣಿ ಪ್ರಾಣಿಗೂ ಬೇರೆ ನಿರ್ಧಾರ ಮಾಡಲು ಏನು ಅಡ್ಡಿ? ದುಡ್ಡಿನ ಮಾತು ಹೇಳುವಿರಾದರೆ, ಬಾಗಿಲು ಮುಚ್ಚಿದ್ದ ದಿನಗಳಲ್ಲಿ ಜನರು ಪ್ರಾಣಿಗಳನ್ನು ದತ್ತು ಪಡೆದರು, ದೇಣಿಗೆ ಕೊಟ್ಟರು. ನೋಡಲು ಬಾರದೆಯೂ ಕೊಟ್ಟರು ಎಂಬುದನ್ನು ಗಮನಿಸಿ.

ಹಳೇ ಮೈಸೂರಿಗ:
ದೇಣಿಗೆಯಿಂದ ಎಷ್ಟು ದಿನ ನಡೆಯುತ್ತದೆ ಡಾಕ್ಟರರೇ? ಒಮ್ಮೆ ಕೊಟ್ಟವರು ಪ್ರತಿ ವರ್ಷ ಕೊಡುತ್ತಾರೆಯೇ? ಆ ದೇಣಿಗೆ ಕೊಟ್ಟವರೆಲ್ಲ ಚಿಕ್ಕಂದಿನಲ್ಲಿ ಮೃಗಾಲಯ ನೋಡಿದವರೇ. ನೋಡದ ತಲೆಮಾರು ಬಂದ ಮೇಲೆ ನಿಮ್ಮ ಚಿರತೆಗೆ ಪೊದೆ ಇರುತ್ತದೆ, ಮಾಂಸ ಇರುವುದಿಲ್ಲ.

ಅರಳಿಕಟ್ಟೆ:
"ನಿಮ್ಮ ಚಿರತೆ" ಅಲ್ಲ, ಅದು ಯಾರದ್ದೂ ಅಲ್ಲ. ನಾವು ಇಲ್ಲಿ ಮಾತಾಡಬೇಕಾಗಿದ್ದುದೇ ಅದು. ನಿಮ್ಮ ಮೊಮ್ಮಗಳಿಗೆ ಬೆರಗು ಬೇಕು ಎಂಬುದಕ್ಕೆ ಒಂದು ಜೀವ ಅಡ ಇರಬೇಕೆ? ನೀವು ನಾಲ್ಕು ತಲೆಮಾರಿನ ಲೆಕ್ಕ ಕೊಟ್ಟಿರಿ. ಗೋಡೆಯ ಆಚೆ ಎಷ್ಟು ತಲೆಮಾರು ಕಳೆದವು ಎಂಬ ಲೆಕ್ಕವನ್ನೂ ಕೊಡಿ.

ಹಳೇ ಮೈಸೂರಿಗ:
ಮೊಮ್ಮಗಳನ್ನು ಇದರಲ್ಲಿ ಎಳೆಯಬೇಡಿ. ಇನ್ನು ಮುಂದೆ ನಿಮಗೆ ಉತ್ತರಿಸುವುದಿಲ್ಲ. ಡಾಕ್ಟರರಿಗೆ ಮಾತ್ರ ಒಂದು ಮಾತು: ಆನೆ ಹೋಗಲಿ ಎಂದರೆ ನಾನು ಜಗಳವಾಡುವುದಿಲ್ಲ. ದಸರೆಯಲ್ಲಿ ಹೇಗೂ ನೋಡುತ್ತೇವೆ. ಜಿರಾಫೆ ಇರಲಿ.

ಕಾವೇರಿ ದಡ:
ಆನೆ ಹೋಗಲಿ ಎಂದರೆ ಎಲ್ಲಿಗೆ ಸ್ವಾಮಿ, ನಮ್ಮ ಊರಿಗೇ ಅಲ್ಲವೇ? ಬಿಡಾರದ ಜಾಗ ರಬ್ಬರಲ್ಲ. 2014ರಲ್ಲಿ ಹಾಸನದ ಆಲೂರು ಕಡೆಯಿಂದ 22 ಆನೆ ಹಿಡಿದರು. ಹಿಡಿದ ಆನೆಗಳು ಬಂದು ಸೇರುವುದು ಇಂಥ ಬಿಡಾರಗಳಿಗೇ. ಅಷ್ಟಕ್ಕೂ ಮೇವು, ಅಷ್ಟಕ್ಕೂ ಮಾವುತರು ಬೇಕು. ಮೈಸೂರಿನವರಿಗೆ ಜಿರಾಫೆ ಉಳಿದರೆ ಆಯಿತು.

ಅರಳಿಕಟ್ಟೆ:
ಮೊದಲ ಬರಹದಲ್ಲಿ 56ರ ಪಕ್ಕ 35.9 ಎಂದು ಸೇರಿಸಿದ್ದೇನೆ, ಸರಾಸರಿ ಎಂಬುದನ್ನು ಮಧ್ಯಾಂಕ ಎಂದು ಬದಲಿಸಿದ್ದೇನೆ. ವಾದದಲ್ಲಿ ಒಂದಕ್ಷರವನ್ನೂ ಬದಲಿಸಿಲ್ಲ.

ನಿವೃತ್ತ ಪಶುವೈದ್ಯ:
ತೋರಿಸಲೇಬೇಕು ಎಂಬ ಕರಾರು ಎಲ್ಲಿಂದ ಬಂತು ಎಂದು ಕೇಳಿದ್ದೆ. ಆ ಪ್ರಶ್ನೆ ಇದ್ದಲ್ಲೇ ಇದೆ.

ಅಂಕಿಪಂಚಾಂಗ:
ತಿದ್ದಿದ ಬರಹವನ್ನು ನೋಡಿದೆ. ಆ ಅಂಕಿಗಳೆಲ್ಲ ಹೆಣ್ಣಾನೆಗಳವು. ಅದನ್ನು ಇನ್ನೂ ಬರೆದಿಲ್ಲ.